ಇಲ್ಲದ ಎರಡು ವರ್ಷ

ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರು ಸಲಹೆ ಕೇಳಲು ಬಂದರೆ ಮೊದಲು ರೆಸ್ಯೂಮ್ ತೋರಿಸುತ್ತಾರೆ. ಒಂದೇ ಪುಟ ಸಾಕಾ, ಫೋಟೋ ಬೇಕಾ ಎಂಬ ಮಾತೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಸಾರ್, ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಸಿಬಿಡ್ಲಾ?"

ಈ 'ಹಾಕಿಸುವುದು' ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ದುಡ್ಡು ಕೊಟ್ಟರೆ ನೀವು ಕಾಲಿಡದ ಕಂಪನಿಯ ಆಫರ್ ಲೆಟರ್, ಪೇಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲ ತಯಾರು ಮಾಡಿಕೊಡುವವರು ಬೆಂಗಳೂರಿನಲ್ಲಿದ್ದಾರೆ. ವಿಚಾರಿಸಲು ಫೋನ್ ಬಂದರೆ ಎತ್ತಿ "ಹೌದು, ನಮ್ಮಲ್ಲಿದ್ದರು" ಎನ್ನುವುದೂ ಆ ದುಡ್ಡಿನೊಳಗೇ ಸೇರಿರುತ್ತದೆ.

ನನ್ನೂರು ಕುಣಿಗಲ್. ಕೆಲಸ ಮಾಡುವುದು ತುಮಕೂರಿನಲ್ಲಿ. ಇಲ್ಲಿ 1963ರಿಂದ ಸಿದ್ಧಗಂಗಾ, 1979ರಿಂದ ಸಿದ್ಧಾರ್ಥ, ಗುಬ್ಬಿಯಲ್ಲಿ 2001ರಿಂದ ಚನ್ನಬಸವೇಶ್ವರ ಎಂದು ಇಂಜಿನಿಯರಿಂಗ್ ಕಾಲೇಜುಗಳಿವೆ. ಕ್ಯಾಂಪಸ್ಸಿನಲ್ಲೇ ಆಯ್ಕೆಯಾದವರು ಬಚಾವು. ಉಳಿದವರು ಬೆಂಗಳೂರಿಗೆ ಹೋಗಿ ಪಿಜಿ ಸೇರುತ್ತಾರೆ. ಅಪ್ಪ ತೆಂಗಿನಕಾಯಿ ಮಾರಿದ ದುಡ್ಡು ಬಾಡಿಗೆಗೂ ಕೋರ್ಸಿನ ಫೀಸಿಗೂ ಹೋಗುತ್ತದೆ. ಅಲ್ಲಿ ಯಾವ ಜಾಹೀರಾತು ನೋಡಿದರೂ ಎರಡು ವರ್ಷದ ಅನುಭವ ಬೇಕು ಎಂದಿರುತ್ತದೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನೋ ಕಥೆ.

ಆ ಹುಡುಗರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ದೊಡ್ಡ ಐಟಿ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತು ಹದಿನೈದು ವರ್ಷದಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಆಫರ್ ಕೊಟ್ಟು ತಿಂಗಳುಗಟ್ಟಲೆ ಕಾಯಿಸುವುದೂ ಉಂಟು. ಮೂರು ತಿಂಗಳಲ್ಲಿ ಕಲಿಯಬಹುದಾದ ಕೆಲಸಕ್ಕೆ ಎರಡು ವರ್ಷ ಕೇಳುತ್ತಾರೆ. "ಸುಳ್ಳು ಶುರು ಮಾಡಿದ್ದು ಅವರು ತಾನೇ ಸಾರ್?" ಎಂದು ಒಬ್ಬ ಕೇಳಿದ. ಪುಣ್ಯಕೋಟಿಯ ಕಥೆ ಹೇಳಿ ಕಳಿಸಬಹುದಿತ್ತು. ಆದರೆ ಆ ಕಥೆಯಲ್ಲಿ ಹುಲಿಗೂ ಮನಸ್ಸಿತ್ತು. ರೆಸ್ಯೂಮ್ ಸೋಸುವ ಕಂಪ್ಯೂಟರಿಗೆ ಅದೂ ಇಲ್ಲ.

"ಸಿಕ್ಕಿಬೀಳ್ತೀಯ" ಎಂದು ಹೆದರಿಸುವುದು ಇನ್ನೊಂದು ದಾರಿ. ಹೆದರಿಕೆಗೆ ಕಾರಣವೂ ಇದೆ. ಪಿಎಫ್ ಖಾತೆ ನೋಡಿದರೆ ಯಾವ ವರ್ಷ ಎಲ್ಲಿದ್ದೆ ಎಂಬುದು ಗೊತ್ತಾಗುತ್ತದೆ. 2022ರಲ್ಲಿ ಅಕ್ಸೆಂಚರ್ ಕಂಪನಿ ಇಂಥ ಸುಳ್ಳು ಪತ್ರ ತಂದವರನ್ನು ಭಾರತದಲ್ಲಿ ಕೆಲಸದಿಂದ ತೆಗೆಯಿತು. ಆದರೆ ಇದು ಎಚ್ಚರಿಕೆಯ ಮಾತು, ನೀತಿಯ ಮಾತಲ್ಲ. ಸಿಕ್ಕಿಬೀಳದೆ ಹೋದರೆ ಸರಿಯಾ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಹಾಗೆ ಸೇರಿಕೊಂಡು ಚೆನ್ನಾಗಿ ಕೆಲಸ ಕಲಿತು, ತಂಗಿಯ ಮದುವೆ ಮಾಡಿದವರೂ ಇದ್ದಾರೆ.

ನನಗೆ ಉತ್ತರ ಸಿಕ್ಕಿದ್ದು ಮೇಜಿನ ಈಚೆ ಕೂತು ಇಂಟರ್‌ವ್ಯೂ ಮಾಡುವಾಗ. ಒಬ್ಬನ ಕಾಗದದಲ್ಲಿ 24 ತಿಂಗಳ ಅನುಭವವಿದೆ. ಇನ್ನೊಬ್ಬಳದು ಎಂಟೇ ತಿಂಗಳು. ಸಣ್ಣ ಆಫೀಸಿನಲ್ಲಿ ಕೂತು ಗುಬ್ಬಿಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವಳು. ಆ ಎಂಟು ತಿಂಗಳು ನಿಜ. ಇರುವುದು ಒಂದೇ ಕೆಲಸ. ಅವನನ್ನು ತೆಗೆದುಕೊಂಡರೆ ಕಂಪನಿಗೆ ನಷ್ಟವೇನೂ ಆಗದಿರಬಹುದು, ನಾಲ್ಕು ತಿಂಗಳಲ್ಲಿ ಕಲಿತಾನು. ಊರಿನ ಬಸ್ಸು ಹತ್ತುವವಳು ಅವಳು. ಮುಂದೆ ಇನ್ನೊಂದು ಸಣ್ಣ ಕಂಪನಿಯ ಪತ್ರ ಬಂದಾಗ, ಅದು ನಿಜವೇ ಆಗಿದ್ದರೂ, ನಾವು ಅನುಮಾನದಿಂದಲೇ ನೋಡುತ್ತೇವೆ. ಸುಳ್ಳು ಹೇಳಿದ್ದು ದೊಡ್ಡ ಕಂಪನಿಗೆ, ಬೆಲೆ ಕಟ್ಟಿದ್ದು ಅದೇ ಸಾಲಿನಲ್ಲಿ ಹಿಂದೆ ನಿಂತವಳು. "ಯಾರಿಗೂ ತೊಂದರೆ ಇಲ್ಲ" ಎನ್ನುವವರ ಕಣ್ಣಿಗೆ ಅವಳು ಬೀಳುವುದೇ ಇಲ್ಲ.

ಇಂಜಿನಿಯರನಾದರೆ ಇನ್ನೂ ಒಂದು ಮಾತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಶುರುವಾಯಿತು. ಹೆಲಿಕಾಪ್ಟರಿಗೆ ಜೋಡಿಸುವ ಬಿಡಿಭಾಗದ ಜೊತೆಗೆ ಕಾಗದವೂ ಬರುತ್ತದೆ: ಯಾವ ಲೋಹ, ಎಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು. ಜೋಡಿಸುವವನು ಆ ಲೋಹವನ್ನು ಮತ್ತೆ ಕರಗಿಸಿ ನೋಡಲಾರ. ಮುಖ ನೋಡಿರದ ಒಬ್ಬನ ಸಹಿಯನ್ನು ನಂಬಿ ಸ್ಕ್ರೂ ಬಿಗಿಯುತ್ತಾನೆ. ಸೇತುವೆ, ಲಿಫ್ಟು, ಆಸ್ಪತ್ರೆಯ ಯಂತ್ರ ಎಲ್ಲ ನಿಂತಿರುವುದು ಹೀಗೆಯೇ. ನಾಳೆ ಇಂಥ ಕಾಗದಕ್ಕೆ ಸಹಿ ಹಾಕಬೇಕಾದವನ ಮೊದಲ ಕಾಗದವೇ ಸುಳ್ಳಾದರೆ, ಮುಂದಿನದರ ಮೇಲೆ ಅವನಿಗೇ ಎಷ್ಟು ಗೌರವ ಉಳಿದೀತು?

ಹಾಗಾಗಿ ನಾನು "ಹಾಕಿಸಬೇಡ" ಎನ್ನುತ್ತೇನೆ. ಆದರೆ ಅಲ್ಲಿಗೆ ಮಾತು ಮುಗಿಸುವ ಹಕ್ಕು ನನಗಿದೆಯೇ? ನನ್ನ ಮಾತು ಕೇಳಿದರೆ ಅವನು ಇನ್ನೊಂದು ವರ್ಷ ಕಾಯಬೇಕಾಗಬಹುದು. ಪಿಜಿ ಬಾಡಿಗೆ ಅವನದು, ಊರಿಗೆ ಹೋದಾಗ "ಇನ್ನೂ ಕೆಲಸ ಆಗ್ಲಿಲ್ವೇನಪ್ಪ?" ಎಂಬ ಪ್ರಶ್ನೆಗೆ ತಲೆ ತಗ್ಗಿಸುವವನೂ ಅವನೇ. ನನ್ನ ಸಂಬಳ ಒಂದನೇ ತಾರೀಕು ಬಂದೇ ಬರುತ್ತದೆ. ನನ್ನ ಜೇಬಿನಿಂದ ಏನೂ ಹೋಗದ ಪ್ರಾಮಾಣಿಕತೆಯನ್ನು ಅವನ ಖರ್ಚಿನಲ್ಲಿ ಬೋಧಿಸುವುದಕ್ಕೆ ಸಲಹೆ ಎನ್ನಲಾಗದು.

ಬೇಡ ಎಂದವರು ಆ ಕಾಯುವಿಕೆಯಲ್ಲಿ ಒಂದು ಪಾಲು ಹೊರಬೇಕು ಎಂಬುದು ನಾನು ಕಂಡುಕೊಂಡ ಲೆಕ್ಕ. ಭಾನುವಾರ ಎರಡು ಗಂಟೆ ಕೂತು ಅವನ ಪ್ರಾಜೆಕ್ಟ್ ನೋಡಬಹುದು. ವಸಂತನರಸಾಪುರದಲ್ಲೋ ಕುಣಿಗಲ್ಲಿನ ಅಂಚೇಪಾಳ್ಯದಲ್ಲೋ ಗೊತ್ತಿರುವ ಕಾರ್ಖಾನೆಯವರಿಗೆ ಫೋನ್ ಮಾಡಿ "ಒಂದು ಅವಕಾಶ ಕೊಟ್ಟು ನೋಡಿ" ಎನ್ನಬಹುದು. 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರಿಗೂ ಸ್ಟೈಪೆಂಡ್ ಕೊಟ್ಟು ತರಬೇತಿ ಕೊಡುತ್ತಾರೆ, ಮುಗಿದ ಮೇಲೆ ಸರ್ಟಿಫಿಕೇಟೂ ಸಿಗುತ್ತದೆ. ಇದನ್ನು ಕಾಲೇಜಿನಲ್ಲಿ ಹೇಳಿಸಿಕೊಳ್ಳದ ಹುಡುಗರು ಬೇಕಾದಷ್ಟಿದ್ದಾರೆ. ಮೇಜಿನ ಈಚೆ ಕೂತಾಗ ಒಂದು ವರ್ಷ ಖಾಲಿಯಿರುವ ರೆಸ್ಯೂಮನ್ನು ಪಕ್ಕಕ್ಕೆ ತಳ್ಳದೆ, ಆ ವರ್ಷ ಏನು ಮಾಡಿದೆಯಪ್ಪ ಎಂದು ಕೇಳಬಹುದು. ಇದ್ಯಾವುದೂ ಮಾಡಲಾಗದಿದ್ದರೆ ಬೈಯದೆ ಸುಮ್ಮನಿರುವುದು ಮೇಲು.

ಇಷ್ಟಾದರೂ ಕೆಲವರು ಹಾಕಿಸುತ್ತಾರೆ. ಅವರ ಜೊತೆ ಮಾತು ಬಿಟ್ಟಿಲ್ಲ. "ಫೋನ್ ಬಂದ್ರೆ ನಿಮ್ಮಲ್ಲಿದ್ದೆ ಅಂತ ಹೇಳಿ ಸಾರ್" ಎಂದು ಕೇಳಿದವರೂ ಇದ್ದಾರೆ. ಅದನ್ನು ಹೇಳುವುದಿಲ್ಲ. ನನ್ನ ಕೈಕೆಳಗೆ ಎಂಟು ತಿಂಗಳು ದುಡಿದವರಿಗೆ ಎಂಟು ತಿಂಗಳು ಅಂತ, ಏನೇನು ಮಾಡಿದರು ಅಂತ ವಿವರವಾಗಿ ಬರೆದು ಸಹಿ ಹಾಕಿಕೊಡುತ್ತೇನೆ. ಕೆಳಗೆ ನನ್ನ ಫೋನ್ ನಂಬರೂ ಇರುತ್ತದೆ.