ಬೆಂಕಿ ಕಾಣದ ಹೊಗೆ

1970ರಲ್ಲಿ ಡೇವಿಡ್ ಬುಲ್ ಮತ್ತು ಲೂಯಿಸ್ ಸ್ನೈಡರ್ ಎಂಬ ಅಮೆರಿಕದ ಇಬ್ಬರು ಖಗೋಳವಿಜ್ಞಾನಿಗಳು ನಕ್ಷತ್ರಗಳ ನಡುವಿನ ಕೆಲವು ಮೋಡಗಳತ್ತ ರೇಡಿಯೊ ದೂರದರ್ಶಕ ತಿರುಗಿಸಿ ಕುಳಿತಿದ್ದಾಗ 89,190 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಗಟ್ಟಿ ರೇಖೆ ಕಂಡಿತು. ಭೂಮಿಯ ಯಾವ ಪ್ರಯೋಗಾಲಯದ ಪಟ್ಟಿಯಲ್ಲೂ ಅದು ಇರಲಿಲ್ಲ. ಗೊತ್ತಿಲ್ಲದ ಆ ವಸ್ತುವಿಗೆ ಅವರು ಎಕ್ಸ್-ಓಜನ್ ಎಂದು ಹೆಸರಿಟ್ಟು ಸುಮ್ಮನಾದರು. ಹಾರ್ವರ್ಡ್‌ನ ರಸಾಯನವಿಜ್ಞಾನಿ ವಿಲಿಯಂ ಕ್ಲೆಂಪರರ್ ಮಾತ್ರ ಸುಮ್ಮನಾಗಲಿಲ್ಲ. ಜಲಜನಕ, ಇಂಗಾಲ, ಆಮ್ಲಜನಕದ ಒಂದೊಂದು ಪರಮಾಣು ಸಾಲಾಗಿ ಕೂಡಿ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು ಇದಾಗಿರಬೇಕು ಎಂದು ಅವರು ಅದೇ ವರ್ಷ ಬರೆದರು. ಈ ಅಯಾನಿನ ರೇಡಿಯೊ ರೇಖೆಯನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ವುಡ್ಸ್ ಮತ್ತು ಸಂಗಡಿಗರು ವಿದ್ಯುತ್ ಹಾಯಿಸಿದ ಅನಿಲದ ಕೊಳವೆಯೊಳಗೆ ಅದನ್ನು ಹುಟ್ಟಿಸಿ ಅಳೆದದ್ದು 1975ರಲ್ಲಿ. ಅಂಕಿ ತಾಳೆಯಾಯಿತು. ಆ ಐದು ವರ್ಷ ಕ್ಲೆಂಪರರ್ ಬಳಿ ಇದ್ದದ್ದು ಜ್ಞಾನವೇ, ಅಥವಾ ಅದೃಷ್ಟದಿಂದ ಸರಿಹೋದ ಊಹೆಯೇ? ಇಂದು ನಕ್ಷತ್ರಗಳ ಸುತ್ತ ಮತ್ತು ಅವುಗಳ ನಡುವೆ 300ಕ್ಕೂ ಹೆಚ್ಚು ಅಣುಗಳನ್ನು ಗುರುತಿಸಲಾಗಿದೆ. ಒಂದನ್ನೂ ಯಾರೂ ಅಲ್ಲಿಗೆ ಹೋಗಿ ಮುಟ್ಟಿಲ್ಲ. ಹಾಗಾಗಿ ಈ ಪ್ರಶ್ನೆ ಆ ಇಡೀ ಪಟ್ಟಿಯನ್ನು ಕುರಿತದ್ದು.

ನಮ್ಮ ತರ್ಕಶಾಸ್ತ್ರ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿತ್ತು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ನೈಯಾಯಿಕರಿಗೆ ಅನುಮಾನವೆಂಬ ಪ್ರಮಾಣ, ಪ್ರತ್ಯಕ್ಷದಷ್ಟೇ ಗಟ್ಟಿಯಾದದ್ದು. ಅದಕ್ಕೆ ಬೇಕಾದದ್ದು ವ್ಯಾಪ್ತಿ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂಬ ತಪ್ಪದ ನಂಟು, ಅಡುಗೆಮನೆಯಲ್ಲಿ ಕಂಡು ಕಲಿತದ್ದು. ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕರು ಹಿಡಿದದ್ದು ಇದೇ ಕೊರಳನ್ನು. ಎಲ್ಲ ಕಾಲದ, ಎಲ್ಲ ದೇಶದ ಹೊಗೆಯನ್ನು ನೋಡಿದವರಾರು? ವಿಜಯನಗರ ಕಾಲದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ತನ್ನ ಮೊದಲ ಅಧ್ಯಾಯವನ್ನೇ ಈ ವಾದಕ್ಕೆ ಬಿಟ್ಟುಕೊಟ್ಟಿದೆ. ಎದುರಾಳಿಯ ಮಾತನ್ನು ಇಷ್ಟು ಬಿಗಿಯಾಗಿ ಕಟ್ಟಿಕೊಡುವ ಔದಾರ್ಯ ಈಗ ಅಪರೂಪ. ಫ್ರಾನ್ಸಿನ ಆಗಸ್ಟ್ ಕಾಂಟ್ 1835ರಲ್ಲಿ ನಕ್ಷತ್ರಗಳ ರಾಸಾಯನಿಕ ರಚನೆಯನ್ನು ಮನುಷ್ಯ ಎಂದೂ ತಿಳಿಯಲಾರನೆಂದು ಬರೆದಾಗ ಅವನ ಹಿಂದಿದ್ದದ್ದೂ ಹೆಚ್ಚುಕಡಿಮೆ ಇದೇ ಶಂಕೆ. ಕಾಲು ಶತಮಾನದೊಳಗೆ ಕಿರ್ಕಾಫ್ ಮತ್ತು ಬುನ್ಸೆನ್ ಸೂರ್ಯನ ಬೆಳಕಿನಲ್ಲಿ ಸೋಡಿಯಂ, ಕಬ್ಬಿಣಗಳನ್ನು ಓದಿದರು. ಕಾಂಟ್‌ನನ್ನು ಗೇಲಿ ಮಾಡುವುದು ಸುಲಭ. ಅವನು ಸೋತದ್ದರಿಂದ ಚಾರ್ವಾಕನೂ ಸೋತನೆಂದು ತಿಳಿಯುವುದು ಮಾತ್ರ ಅವಸರ.

ಯಾಕೆಂದರೆ ಇಲ್ಲಿನ ಹೊಗೆಯೂ ಮೋಸ ಮಾಡಬಲ್ಲದು. ಅಣುವೊಂದು ಗಿರಗಿರನೆ ತಿರುಗುವಾಗ ಅದರ ಚೈತನ್ಯ ಮನಬಂದಂತೆ ಏರಿಳಿಯದೆ ನಿಗದಿತ ಮೆಟ್ಟಿಲುಗಳಲ್ಲಿ ಮಾತ್ರ ಇಳಿಯುತ್ತದೆ. ಪ್ರತಿ ಇಳಿತಕ್ಕೂ ಒಂದು ನಿಖರ ಆವರ್ತಾಂಕ. ಪರಮಾಣುಗಳ ತೂಕ ಮತ್ತು ಅಂತರ ತುಸು ಬದಲಾದರೂ ಆ ಅಂಕಿ ಬದಲಾಗುತ್ತದೆ. ಇಷ್ಟಿದ್ದರೂ 2003ರಲ್ಲಿ ಒಂದು ತಂಡ ಮೂರು ಮೋಡಗಳಲ್ಲಿ ಒಟ್ಟು 27 ರೇಖೆಗಳನ್ನು ಗುರುತಿಸಿ, ಸರಳ ಅಮೈನೊ ಆಮ್ಲವಾದ ಗ್ಲೈಸಿನ್ ಸಿಕ್ಕಿತೆಂದು ಸಾರಿತು. ಎರಡು ವರ್ಷದಲ್ಲಿ ಅದನ್ನು ಅಲ್ಲಗಳೆದ ತಂಡದ ಮುಂದಾಳು, ಎಕ್ಸ್-ಓಜನ್ ಕಂಡ ಅದೇ ಸ್ನೈಡರ್. ಅವರ ವಾದ ನೈಯಾಯಿಕರು ಮೆಚ್ಚುವಂಥದು. ಗ್ಲೈಸಿನ್ ನಿಜಕ್ಕೂ ಅಲ್ಲಿದ್ದರೆ ಬೇರೆ ಕೆಲವು ರೇಖೆಗಳೂ ಇಂತಿಷ್ಟು ತೀವ್ರತೆಯಲ್ಲಿ ಕಾಣಲೇಬೇಕಿತ್ತು, ಅವು ಕಾಣುತ್ತಿಲ್ಲ. ಹತ್ತಾರು ಅಣುಗಳು ಒಟ್ಟಿಗೆ ಗದ್ದಲ ಮಾಡುವ ಆ ಮೋಡಗಳ ರೋಹಿತದಲ್ಲಿ ಒಂದು ಆವರ್ತಾಂಕಕ್ಕೆ ಯಾವುದೋ ಅಣುವಿನ ರೇಖೆ ಹೊಂದಿಕೊಳ್ಳುವುದು ಆಶ್ಚರ್ಯವೇ ಅಲ್ಲ. ರೋಹಿತ ವಿರಳವಾಗಿದ್ದರೆ ಮಾತ್ರ ‘ಅಂಕಿ ಕೂಡಿತು, ಆದ್ದರಿಂದ ಅಣು ಇದೆ’ ಎನ್ನಬಹುದು. ಹೀಗೆ ಗೊತ್ತಾಗದಂತೆ ಒಳನುಸುಳುವ ಷರತ್ತನ್ನೇ ಶಾಸ್ತ್ರ ಉಪಾಧಿ ಎನ್ನುತ್ತದೆ. ಬೆಂಕಿಯಿದ್ದಲ್ಲಿ ಹೊಗೆ ಇರಲೇಬೇಕೆಂದಿಲ್ಲ, ಸೌದೆ ಹಸಿಯಾಗಿದ್ದರಷ್ಟೇ ಹೊಗೆ ಎಂಬ ಹಳೆಯ ಉದಾಹರಣೆ ನೆನಪಿರಬಹುದು. ಉಪಾಧಿಯನ್ನು ಹುಡುಕಿ ತೆಗೆದದ್ದು ಅನುಮಾನವೇ ಹೊರತು ಅಲ್ಲಿಗೆ ಹೋಗಿ ನೋಡಿದ ಕಣ್ಣಲ್ಲ.

ಚಾರ್ವಾಕ ಇಷ್ಟಕ್ಕೆ ಬಿಡುವವನಲ್ಲ. ಇಲ್ಲಿನ ಕೊಳವೆಯಲ್ಲಿ ಅಳೆದ ಅಂಕಿ ಅಲ್ಲಿಯೂ ಸಲ್ಲುತ್ತದೆ ಎಂಬುದನ್ನು ನೀವು ಸಾಧಿಸಿಲ್ಲ, ಊಹಿಸಿಕೊಂಡಿದ್ದೀರಿ ಎಂದಾನು. ಗುರಿಯಿಟ್ಟ ಮಾತು. ಆದರೆ ಆ ಊಹೆ ಪರೀಕ್ಷೆಗೆ ಹೊರತಲ್ಲ. ಮೆಥನಾಲ್ ಅಣುವಿನ ಕೆಲವು ರೇಖೆಗಳು ಪ್ರೋಟಾನು ಮತ್ತು ಎಲೆಕ್ಟ್ರಾನುಗಳ ತೂಕದ ಅನುಪಾತ ಬದಲಾದರೆ ಹೆಚ್ಚು ಸರಿಯುತ್ತವೆ, ಮತ್ತೆ ಕೆಲವು ಕಡಿಮೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 700 ಕೋಟಿ ವರ್ಷ ಹಿಂದೆ ಹೊರಟ ಬೆಳಕಿನಲ್ಲಿ ಈ ರೇಖೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿತು. ಆ ಅನುಪಾತ ಕೋಟಿಗೆ ಒಂದು ಪಾಲಿನಷ್ಟೂ ಬದಲಾಗಿರಲಿಲ್ಲ. ನಿಯಮ ಅಲ್ಲಿ ಬೇರೆಯಾಗಿದ್ದರೆ ಅಲ್ಲಿನ ರೇಖೆಗಳೇ ಒಂದಕ್ಕೊಂದು ತಿರುಗಿಬೀಳಬೇಕಿತ್ತು. ವ್ಯಾಪ್ತಿಯನ್ನು ಎಲ್ಲ ಕಾಲಕ್ಕೂ ಸಾಧಿಸಿಬಿಟ್ಟೆವೆಂದು ನಾನು ಹೇಳಲಾರೆ. ಅಷ್ಟರ ಮಟ್ಟಿಗೆ ಚಾರ್ವಾಕನ ಮಾತು ನಿಲ್ಲುತ್ತದೆ. ನನ್ನ ವಾದ ಇನ್ನೊಂದು: ಅನುಮಾನದ ಬಲ ವ್ಯಾಪ್ತಿಯನ್ನು ಮೊದಲೇ ಸಾಧಿಸಿ ಇಟ್ಟುಕೊಳ್ಳುವುದರಲ್ಲಿಲ್ಲ, ಅದನ್ನು ಪ್ರತಿ ಸಲವೂ ಪಣಕ್ಕಿಡುವುದರಲ್ಲಿದೆ. ಸೋಲಲು ಬಾಗಿಲು ತೆರೆದಿಟ್ಟುಕೊಂಡ ಅನುಮಾನ ಸೋಲದೆ ಉಳಿದಾಗ ಅದನ್ನು ಜ್ಞಾನವೆನ್ನಲು ಹಿಂಜರಿಯಬೇಕಿಲ್ಲ.

ಅಡುಗೆಮನೆಯಲ್ಲಿ ಕಂಡದ್ದನ್ನಷ್ಟೇ ಬೆಟ್ಟದಲ್ಲಿ ಕಾಣುತ್ತೀರಿ, ಅನುಮಾನ ಹೊಸದೇನನ್ನೂ ತರುವುದಿಲ್ಲ ಎಂಬ ಆಕ್ಷೇಪಕ್ಕೂ ಎಕ್ಸ್-ಓಜನ್ ಕಥೆಯಲ್ಲೇ ಉತ್ತರವಿದೆ. ಆ ಅಯಾನಿನ ರೇಖೆಯ ಮಟ್ಟಿಗೆ ಅಡುಗೆಮನೆಯೇ ಇರಲಿಲ್ಲ. ಇಂಥ ಮೋಡಗಳಲ್ಲಿ ಉಷ್ಣತೆ ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ಘನ ಸೆಂಟಿಮೀಟರಿಗೆ ಹತ್ತು ಸಾವಿರ ಕಣಗಳಿದ್ದರೆ ಅದೇ ದಟ್ಟ ಮೋಡ. ಅಲ್ಲಿ ರಸಾಯನ ಕ್ರಿಯೆ ನಡೆಯುವುದೇ ಅಸಾಧ್ಯವೆಂದು ತೋರುತ್ತಿತ್ತು. 1973ರಲ್ಲಿ ಎರಿಕ್ ಹರ್ಬ್‌ಸ್ಟ್ ಮತ್ತು ಕ್ಲೆಂಪರರ್ ದಾರಿಯೊಂದನ್ನು ತೋರಿಸಿದರು. ವಿಶ್ವಕಿರಣಗಳು ಜಲಜನಕದ ಅಣುವಿಗೆ ಬಡಿದು ಎಲೆಕ್ಟ್ರಾನ್ ಕಿತ್ತರೆ, ಅದು ಇನ್ನೊಂದು ಜಲಜನಕ ಅಣುವನ್ನು ಸೇರಿ ಮೂರು ಪ್ರೋಟಾನುಗಳ ತ್ರಿಕೋನ ಅಯಾನಾಗುತ್ತದೆ. ಅದು ಇಂಗಾಲದ ಮಾನಾಕ್ಸೈಡಿಗೆ ಒಂದು ಪ್ರೋಟಾನನ್ನು ದಾಟಿಸಿದರೆ ಹುಟ್ಟುವುದೇ ಎಕ್ಸ್-ಓಜನ್. ತ್ರಿಕೋನ ಅಯಾನಿಗೆ ರೇಡಿಯೊದಲ್ಲಿ ಕಾಣುವ ರೇಖೆಗಳಿಲ್ಲ. ತಕೇಶಿ ಓಕಾ 1980ರಲ್ಲಿ ಅದರ ಅವಕೆಂಪು ರೋಹಿತವನ್ನು ಪ್ರಯೋಗಾಲಯದಲ್ಲಿ ಅಳೆದು, ನಂತರ ಥಾಮಸ್ ಗೆಬಾಲ್ ಜೊತೆಗೂಡಿ 1996ರಲ್ಲಿ ಮೋಡಗಳಲ್ಲಿ ಕಂಡರು. ಕಾರಣವನ್ನು ತರ್ಕಿಸಿದ 23 ವರ್ಷದ ಮೇಲೆ ಕಾರಣ ಸಿಕ್ಕಿತು. ಹೊಗೆಗೆ ತಕ್ಕ ಬೆಂಕಿಯನ್ನು ಕೂಡಿಸದೆ ಬಿಟ್ಟ ಕಥೆಯೂ ಇದೆ. 1941ರಲ್ಲಿ ಆಂಡ್ರ್ಯೂ ಮೆಕೆಲ್ಲರ್ ಸಯನೋಜನ್ ರೇಖೆಗಳಿಂದ ಅಂತರಿಕ್ಷದ ಉಷ್ಣತೆ ಕೆಲ್ವಿನ್ ಮಾನದಲ್ಲಿ 2.3 ಎಂದು ಲೆಕ್ಕಹಾಕಿದರು. ಹೆರ್ಜ್‌ಬರ್ಗ್‌ರಂಥ ರೋಹಿತವಿಜ್ಞಾನದ ದಿಗ್ಗಜರೇ ಆ ಅಂಕಿಗೆ ಹೆಚ್ಚಿನ ಅರ್ಥವಿಲ್ಲ ಎಂದರು. ಆ ಉಷ್ಣತೆಗೆ ಕಾರಣವಾಗಿದ್ದ, ವಿಶ್ವವನ್ನೆಲ್ಲ ತುಂಬಿದ ಮೈಕ್ರೋವೇವ್ ಹಿನ್ನೆಲೆ ಬೆಳಕು ತನ್ನನ್ನು ಸಾರಿಕೊಂಡದ್ದು 1965ರಲ್ಲಿ.

ಕಾಣದ್ದರ ಬಗ್ಗೆ ಇನ್ನೂ ಎಚ್ಚರ ಬೇಕು. ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಒಪ್ಪುವ ಅನುಪಲಬ್ಧಿ ಪ್ರಮಾಣಕ್ಕೆ ಒಂದು ಕಟ್ಟಳೆಯಿದೆ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆಂದು ತಿಳಿಯಬೇಕು. ಅಣುಗಳ ಪಟ್ಟಿ ಓದುವಾಗ ಇದನ್ನು ಮರೆಯುವವರೇ ಹೆಚ್ಚು. ವಿದ್ಯುದಂಶ ಎರಡು ತುದಿಗೆ ಹಂಚಿಹೋದ ಅಣುಗಳಷ್ಟೇ ತಿರುಗುವಾಗ ರೇಡಿಯೊದಲ್ಲಿ ಜೋರಾಗಿ ನುಡಿಯುತ್ತವೆ. ಎಲ್ಲಕ್ಕಿಂತ ಹೇರಳವಾದ ಜಲಜನಕದ ಅಣುವೇ ಅಲ್ಲಿ ಮೂಕ. ಅದನ್ನು ಜಾರ್ಜ್ ಕ್ಯಾರುಥರ್ಸ್ 1970ರಲ್ಲಿ ರಾಕೆಟ್ಟಿನಲ್ಲಿ ಕಳಿಸಿದ ಅತಿನೇರಳೆ ಉಪಕರಣದಿಂದ ಹಿಡಿಯಬೇಕಾಯಿತು. ತಣ್ಣನೆಯ ಮೋಡಗಳಲ್ಲಿ ಇಂದಿಗೂ ಇಂಗಾಲದ ಮಾನಾಕ್ಸೈಡನ್ನು ಎಣಿಸಿ ಜಲಜನಕ ಎಷ್ಟೆಂದು ಲೆಕ್ಕಹಾಕುತ್ತಾರೆ. ಆದ್ದರಿಂದ ಆ 300 ಹೆಸರುಗಳು ಅಂತರಿಕ್ಷದ ಪೂರ್ತಿ ಜನಗಣತಿಯಲ್ಲ, ಮಾತಾಡಬಲ್ಲವರ ಪಟ್ಟಿ.

ಈ ಅಣುಗಳನ್ನು ಹಿಡಿದು ದೊಡ್ಡ ತೀರ್ಮಾನಕ್ಕೆ ನೆಗೆಯುವವರಿದ್ದಾರೆ. ಜೀವದ ಇಟ್ಟಿಗೆಗಳು ನಕ್ಷತ್ರಗಳ ನಡುವೆಯೇ ಬೇಯುತ್ತಿವೆ ಎಂದಾದರೆ ಸೃಷ್ಟಿಗೆ ಜೀವದ ಉದ್ದೇಶ ಮೊದಲಿನಿಂದಲೂ ಇತ್ತು ಎಂಬುದು ಅವರ ಮಾತು. ದೇವರನ್ನು ನಂಬುವವರಿಗೆ ಶಬ್ದಪ್ರಮಾಣವಿದೆ, ಅನುಭವವಿದೆ. ಅದರ ಮೇಲೆ ನಾನು ತೀರ್ಪು ಕೊಡಲು ಹೊರಟಿಲ್ಲ. ಈ ಅಣುಗಳನ್ನು ಹೇತುವಾಗಿ ಎರವಲು ತಂದರೆ ಮಾತ್ರ ಎಕ್ಸ್-ಓಜನ್ ದಾಟಿದ ಪರೀಕ್ಷೆಯನ್ನೇ ಈ ವಾದವೂ ದಾಟಬೇಕು. ಯಾವ ರೇಖೆ ಕಾಣದಿದ್ದರೆ ಉದ್ದೇಶವಿಲ್ಲವೆಂದು ಒಪ್ಪುತ್ತೀರಿ? ಉತ್ತರವಿಲ್ಲ. ವ್ಯಾಪ್ತಿಗೆ ಹಲವು ನಿದರ್ಶನಗಳೂ ಬೇಕು. ಜೀವ ಹುಟ್ಟಿದ ನೆಲೆ ನಮಗೆ ಗೊತ್ತಿರುವುದು ಒಂದೇ. 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೊ ಆಮ್ಲಗಳು ಸಿಕ್ಕಾಗ ಸಂಶೋಧಕರು ಅವನ್ನು ಜೀವದ ಗುರುತೆನ್ನಲಿಲ್ಲ. ನಮ್ಮ ಮೈಯ ಪ್ರೋಟೀನುಗಳಲ್ಲಿ ಎಡಗೈ ರೂಪದ ಅಮೈನೊ ಆಮ್ಲಗಳಷ್ಟೇ ಇರುತ್ತವೆ. ಆ ಶಿಲೆಯಲ್ಲಿ ಎಡ, ಬಲ ಎರಡೂ ಸರಿಸುಮಾರು ಸಮನಾಗಿದ್ದವು, ಪ್ರೋಟೀನುಗಳು ಬಳಸದ ಬಗೆಗಳೂ ಇದ್ದವು. ಅಮೈನೊ ಆಮ್ಲ ಇದ್ದಲ್ಲಿ ಜೀವ ಎಂಬ ನಂಟು ಅಲ್ಲೇ ಮುರಿಯಿತು. ಎಡಗೈ ಮೇಲುಗೈಯಾದರಾದರೂ ಜೀವದ ಗುರುತೆನ್ನಬಹುದೆಂದುಕೊಂಡರೆ, ಅದೇ ಶಿಲೆಯ ಐಸೊವ್ಯಾಲೀನ್ ಎಂಬ ಆಮ್ಲದಲ್ಲಿ ಎಡಗೈ ರೂಪ ತುಸು ಹೆಚ್ಚಿರುವುದು 1997ರಲ್ಲಿ ಪ್ರಕಟವಾಯಿತು. ಐಸೊವ್ಯಾಲೀನ್ ನಮ್ಮ ಪ್ರೋಟೀನುಗಳು ಬಳಸದ ಆಮ್ಲ.