ಹರಿದ ಕಾಗದದಲ್ಲಿ ಕಟ್ಟಿದ ಊರುಗಳು: ರೊಮೇರ್ ಬಿಯರ್ಡನ್ ಅವರ ಕೊಲಾಜ್ ಕಲೆ

ರೊಮೇರ್ ಬಿಯರ್ಡನ್ (1911–1988) ಇಪ್ಪತ್ತನೆಯ ಶತಮಾನದ ಅಮೆರಿಕದ ಪ್ರಮುಖ ಕೊಲಾಜ್ ಕಲಾವಿದರು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರ, ಬಣ್ಣದ ಕಾಗದ, ಬಟ್ಟೆಯ ತುಂಡು, ಫೋಟೋಸ್ಟ್ಯಾಟ್ ಪ್ರತಿ, ಜಲವರ್ಣ, ಶಾಯಿ, ಪೆನ್ಸಿಲ್ ಗೆರೆ, ಇವೆಲ್ಲವನ್ನೂ ಒಂದೇ ಹಲಗೆಯ ಮೇಲೆ ಕೂಡಿಸಿ ಅವರು ಕಪ್ಪು ಅಮೆರಿಕನ್ನರ ಬದುಕನ್ನು ಚಿತ್ರಿಸಿದರು. ಕೊಲಾಜ್ ಅವರ ಕೈಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಮೊದಲಿನ ಮೂರು ದಶಕಗಳಲ್ಲಿ ಕಲಿತದ್ದು, ಬಿಟ್ಟದ್ದು, ನೆನಪಿನಲ್ಲಿ ಉಳಿದದ್ದು ಎಲ್ಲವೂ ಆ ಕಾಗದದ ಚೂರುಗಳ ಜೊತೆಗೆ ಬಂದು ಸೇರಿತು. ಅವರ ಕೃತಿಗಳು ದೊಡ್ಡ ಸಂಗ್ರಹಾಲಯಗಳಲ್ಲಿವೆ. ಜೊತೆಗೆ ರೈಲು ನಿಲ್ದಾಣ, ನಗರಸಭೆಯ ಸಭಾಂಗಣ, ಗ್ರಂಥಾಲಯದಂಥ ಜನ ಓಡಾಡುವ ಜಾಗಗಳಿಗೂ ಅವರು ಕೃತಿಗಳನ್ನು ಮಾಡಿಕೊಟ್ಟರು. ಇಂದು ಕನ್ನಡಿಗರು ನೆಲೆಸಿರುವ ಪಿಟ್ಸ್‌ಬರ್ಗ್, ಡೆಟ್ರಾಯಿಟ್, ಬಾಲ್ಟಿಮೋರ್, ಷಾರ್ಲಟ್, ನ್ಯೂಯಾರ್ಕ್, ಬರ್ಕ್ಲಿ ನಗರಗಳಲ್ಲಿ ಒಂದೊಂದಕ್ಕೂ ಆ ಊರಿಗೆಂದೇ ಮಾಡಿದ ಅವರ ಕೃತಿ ಒಂದಲ್ಲ ಒಂದು ಇದೆ.

ಮೂರು ಊರುಗಳ ಬಾಲ್ಯ

ಬಿಯರ್ಡನ್ ಹುಟ್ಟಿದ್ದು 1911ರ ಸೆಪ್ಟೆಂಬರ್ 2ರಂದು, ನಾರ್ತ್ ಕೆರೊಲೈನಾ ರಾಜ್ಯದ ಷಾರ್ಲಟ್‌ನಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾನೂನುಗಳು ಬಿಗಿಯಾಗಿದ್ದ ಕಾಲವದು. ಲಕ್ಷಾಂತರ ಕಪ್ಪು ಜನ ಊರು ಬಿಟ್ಟು ಉತ್ತರದ ಕೈಗಾರಿಕಾ ನಗರಗಳತ್ತ ಗುಳೆ ಹೊರಟಿದ್ದರು. ಬಿಯರ್ಡನ್ ಕುಟುಂಬವೂ ಮಗು ಇನ್ನೂ ಚಿಕ್ಕದಿರುವಾಗಲೇ ನ್ಯೂಯಾರ್ಕಿನ ಹಾರ್ಲೆಮ್ ಸೇರಿತು. ತಾಯಿ ಬೆಸ್ಸಿ ಬಿಯರ್ಡನ್ ‘ಶಿಕಾಗೋ ಡಿಫೆಂಡರ್’ ಪತ್ರಿಕೆಯ ನ್ಯೂಯಾರ್ಕ್ ಪ್ರತಿನಿಧಿಯಾಗಿದ್ದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರಂಥವರು ಬಂದುಹೋಗುವ ಮನೆ ಅವರದು.

ರಜೆ ಬಂದರೆ ಹುಡುಗ ಷಾರ್ಲಟ್‌ನ ಹಿರಿಯರ ಮನೆಗೋ ಪಿಟ್ಸ್‌ಬರ್ಗಿನ ಅಜ್ಜಿಯ ಮನೆಗೋ ಹೋಗುತ್ತಿದ್ದ. ಷಾರ್ಲಟ್ ಅಂದರೆ ಹಿತ್ತಲ ತೋಟ, ಹುಂಜ, ಗಿಟಾರ್, ದೂರದಲ್ಲಿ ಹಾದುಹೋಗುವ ರೈಲು. ಪಿಟ್ಸ್‌ಬರ್ಗ್ ಅಂದರೆ ಉಕ್ಕಿನ ಕಾರ್ಖಾನೆಗಳ ಬೆಂಕಿ. ಅಜ್ಜಿ ಅಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಊಟ, ವಸತಿ ಕೊಡುವ ಮನೆ ನಡೆಸುತ್ತಿದ್ದರು. ಕುಲುಮೆಯ ಶಾಖಕ್ಕೆ ಬೆಂದ ಕೆಲಸಗಾರರ ಬೆನ್ನಿಗೆ ಅಜ್ಜಿ ಕೋಕೋ ಬೆಣ್ಣೆ ಸವರುತ್ತಿದ್ದುದನ್ನು ಬಿಯರ್ಡನ್ ಮುಂದೆ ಮತ್ತೆ ಮತ್ತೆ ನೆನೆಸಿಕೊಂಡರು. ಅವರಿಗೆ ಚಿತ್ರ ಬಿಡಿಸುವುದನ್ನು ಮೊದಲು ಹೇಳಿಕೊಟ್ಟವನು ಅದೇ ಊರಿನ ಯೂಜೀನ್ ಎಂಬ ಕಾಲು ಊನವಾದ ಹುಡುಗ. ಅವನ ತಾಯಿ ಒಂದು ವೇಶ್ಯಾಗೃಹದಲ್ಲಿ ಕೆಲಸದಲ್ಲಿದ್ದಳು. ಆ ಮನೆಯ ಹೊರಗೋಡೆಯನ್ನೇ ತೆಗೆದುಹಾಕಿದಂತೆ, ಒಳಗಿನ ಕೋಣೆಗಳೆಲ್ಲ ಒಟ್ಟಿಗೆ ಕಾಣುವ ಹಾಗೆ ಅವನು ಚಿತ್ರ ಬರೆಯುತ್ತಿದ್ದ. ಅಜ್ಜಿ ಆ ಚಿತ್ರಗಳನ್ನು ಸುಟ್ಟುಹಾಕಿ, ಹುಡುಗನನ್ನು ತನ್ನ ಮನೆಗೆ ಕರೆತಂದು ಇಟ್ಟುಕೊಂಡರು. ಅವನು ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಗೋಡೆ ತೆರೆದ ಮನೆಗಳ ಈ ನೋಟ ಬಿಯರ್ಡನ್ ಅವರ ದೊಡ್ಡ ಕೊಲಾಜ್‌ಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ದಾರಿ ಹುಡುಕಿದ ವರ್ಷಗಳು

1935ರಲ್ಲಿ ಬಿಯರ್ಡನ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಶಿಕ್ಷಣ ವಿಷಯದಲ್ಲಿ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ವ್ಯಂಗ್ಯಚಿತ್ರ ಬರೆಯುವ ಅಭ್ಯಾಸವಿತ್ತು. ಮುಂದೆ ಬಾಲ್ಟಿಮೋರಿನ ‘ಆಫ್ರೋ-ಅಮೆರಿಕನ್’ ಪತ್ರಿಕೆಗೆ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆದುಕೊಟ್ಟರು. ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಜರ್ಮನಿಯಿಂದ ವಲಸೆ ಬಂದಿದ್ದ ಜಾರ್ಜ್ ಗ್ರೋಸ್. ಬರ್ಲಿನ್ನಿನ ‘ದಾದಾ’ ಕಲಾ ಚಳವಳಿಯವರಲ್ಲಿ ಒಬ್ಬರಾಗಿದ್ದ ಗ್ರೋಸ್ ಅವರಿಗೆ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಕಲೆ ಹೊಸದಲ್ಲ. ಆದರೆ ಶಿಷ್ಯ ಅವರಿಂದ ಆಗ ಕಲಿತದ್ದು ಮುಖ್ಯವಾಗಿ ರೇಖೆಯ ಶಿಸ್ತು.

ಹೊಟ್ಟೆಪಾಡಿಗೆ ಅವರು ನ್ಯೂಯಾರ್ಕ್ ನಗರದ ಸಮಾಜ ಕಲ್ಯಾಣ ಇಲಾಖೆಯಲ್ಲಿ ನೌಕರಿ ಹಿಡಿದರು. 1930ರ ದಶಕದಲ್ಲಿ ಸೇರಿ, ನಡುವೆ ಕೆಲವು ಸಲ ಬಿಟ್ಟು, 1969ರವರೆಗೂ ಆ ಕೆಲಸದಲ್ಲಿದ್ದರು. ಹಗಲು ಬಡ ಕುಟುಂಬಗಳ ಅಹವಾಲು, ರಾತ್ರಿ ಮತ್ತು ವಾರಾಂತ್ಯ ಚಿತ್ರ. 1940ರ ಸುಮಾರಿಗೆ ಕಂದು ಕಾಗದದ ಮೇಲೆ ದಕ್ಷಿಣದ ಹಳ್ಳಿಯ ಬದುಕನ್ನು ಬಿಡಿಸಿದರು. ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದು ಬಂದ ಮೇಲೆ 1945ರಲ್ಲಿ ಕ್ರಿಸ್ತನ ಯಾತನೆಯನ್ನು ಕುರಿತ ಸರಣಿ ಮಾಡಿದರು. ಅದರ ಒಂದು ಚಿತ್ರವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕೊಂಡಿತು. ಅಷ್ಟರಲ್ಲಿ ಅಮೂರ್ತ ಚಿತ್ರಕಲೆಯ ಅಲೆ ಎದ್ದಿತು. ಅವರನ್ನು ಪ್ರದರ್ಶಿಸುತ್ತಿದ್ದ ಗ್ಯಾಲರಿ ಕೈಬಿಟ್ಟಿತು.

1950ರಲ್ಲಿ ಮಾಜಿ ಸೈನಿಕರಿಗೆ ಸಿಗುವ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್‌ಗೆ ಹೋಗಿ ತತ್ತ್ವಶಾಸ್ತ್ರ ಓದಿದರು. ಮರಳಿ ಬಂದವರು ಕೆಲಕಾಲ ಹಾಡು ಬರೆದರು. ಅವರು ಇತರರೊಡನೆ ಸೇರಿ ಬರೆದ ‘ಸೀ ಬ್ರೀಝ್’ ಗೀತೆಯನ್ನು ಬಿಲ್ಲಿ ಎಕ್‌ಸ್ಟೈನ್ ಹಾಡಿದರು. 1954ರಲ್ಲಿ ನನೆಟ್ ರೋಹನ್ ಅವರನ್ನು ಮದುವೆಯಾದರು. ಮತ್ತೆ ಚಿತ್ರಕ್ಕೆ ಮರಳಿದಾಗ ಅಆಇಈಯಿಂದ ಶುರುಮಾಡಿದರು. ಜೊತ್ತೊ, ವೆರೊನೆಸೆ, ರೆಂಬ್ರಾಂಟ್ ಮೊದಲಾದವರ ಚಿತ್ರಗಳ ಫೋಟೋಸ್ಟ್ಯಾಟ್ ಪ್ರತಿಗಳನ್ನು ದೊಡ್ಡದಾಗಿ ಮಾಡಿಸಿ, ಅವನ್ನು ನೋಡಿಕೊಂಡು ಒಂದೊಂದಾಗಿ ನಕಲು ಮಾಡಿದರು. ಚೀನೀ ಚಿತ್ರಕಲೆಯಲ್ಲಿ ಖಾಲಿ ಜಾಗದ ಬಳಕೆಯನ್ನು ಅಭ್ಯಾಸ ಮಾಡಿದರು. ಹಿರಿಯ ಕಲಾವಿದ ಸ್ಟುವರ್ಟ್ ಡೇವಿಸ್, ಪಿಯಾನೋ ವಾದಕ ಅರ್ಲ್ ಹೈನ್ಸ್ ಅವರ ಜಾಝ್ ಕೇಳುವಾಗ ಸ್ವರಗಳಿಗಿಂತ ನಡುವಿನ ಬಿಡುವಿಗೆ ಕಿವಿಗೊಡುವಂತೆ ಅವರಿಗೆ ಸೂಚಿಸಿದ್ದರು. ಆಕಾರಗಳ ನಡುವಿನ ತೆರವು ಕೂಡ ಚಿತ್ರದ ಲಯವೇ ಎಂಬ ತಿಳಿವು ಅವರಿಗೆ ಬಂದದ್ದು ಹೀಗೆ.

1964ರ ತಿರುವು

1963ರ ಬೇಸಿಗೆಯಲ್ಲಿ ನಾಗರಿಕ ಹಕ್ಕುಗಳ ಚಳವಳಿ ತಾರಕಕ್ಕೇರಿತ್ತು. ಆ ಚಳವಳಿಯ ದೊಡ್ಡ ಮೆರವಣಿಗೆಯಾದ ವಾಷಿಂಗ್ಟನ್ ನಡಿಗೆಗೆ ಸಿದ್ಧತೆ ನಡೆದಿತ್ತು. ಕಪ್ಪು ಕಲಾವಿದರ ಪಾಲಿನ ಕೆಲಸ ಏನು ಎಂದು ಚರ್ಚಿಸಲು ನಾರ್ಮನ್ ಲೂಯಿಸ್, ಹೇಲ್ ವುಡ್ರಫ್, ಚಾರ್ಲ್ಸ್ ಆಲ್‌ಸ್ಟನ್ ಮುಂತಾದವರು ಬಿಯರ್ಡನ್ ಅವರ ಕೆನಾಲ್ ಸ್ಟ್ರೀಟ್ ಸ್ಟುಡಿಯೊದಲ್ಲಿ ಸೇರಿದರು. ಈ ಗುಂಪು ‘ಸ್ಪೈರಲ್’ ಎಂದು ಹೆಸರಾಯಿತು. ಎಲ್ಲರೂ ಕೂಡಿ ಒಂದು ಕೊಲಾಜ್ ಮಾಡೋಣ ಎಂದು ಬಿಯರ್ಡನ್ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ತಂದು ಮುಂದಿಟ್ಟರು. ಯಾರಿಗೂ ಅಷ್ಟು ಉತ್ಸಾಹ ಬರಲಿಲ್ಲ. ಕೊನೆಗೆ ಅವರೊಬ್ಬರೇ ಆ ಕೆಲಸಕ್ಕೆ ಕೂತರು.

ಹಾಗೆ ಹುಟ್ಟಿದ ಕೊಲಾಜ್‌ಗಳು ಅಳತೆಯಲ್ಲಿ ಚಿಕ್ಕವು. ಅವನ್ನು ಛಾಯಾಚಿತ್ರ ತೆಗೆದು ಹಿಗ್ಗಿಸಿದರೆ ಹೇಗಿರುತ್ತದೆ ಎಂದು ಗುಂಪಿನ ರೆಜಿನಾಲ್ಡ್ ಗ್ಯಾಮನ್ ಸೂಚಿಸಿದರು. ಬಿಯರ್ಡನ್ ಕಪ್ಪು-ಬಿಳುಪಿನ ದೊಡ್ಡ ಪ್ರತಿಗಳನ್ನು ಮಾಡಿಸಿ, ಸುತ್ತಿ ಮೂಲೆಗಿಟ್ಟಿದ್ದರು. ಗ್ಯಾಲರಿ ಮಾಲೀಕ ಆರ್ನೆ ಎಕ್‌ಸ್ಟ್ರೋಮ್ ಒಮ್ಮೆ ಬಂದಾಗ ಅವುಗಳನ್ನು ಬಿಚ್ಚಿ ನೋಡಿ, ಮುಂದಿನ ಪ್ರದರ್ಶನ ಇದೇ ಎಂದು ತೀರ್ಮಾನಿಸಿದರು. 1964ರ ಅಕ್ಟೋಬರಿನಲ್ಲಿ ‘ಪ್ರೊಜೆಕ್ಷನ್ಸ್’ ಎಂಬ ಹೆಸರಿನಲ್ಲಿ ಆ ಪ್ರದರ್ಶನ ನಡೆಯಿತು. ಆ ವರ್ಷದ ‘ದ ಡವ್’ ಕೃತಿಯಲ್ಲಿ ಹಾರ್ಲೆಮ್‌ನ ಒಂದು ಬೀದಿ ಇದೆ. ಮೆಟ್ಟಿಲ ಮೇಲೆ ಕೂತವರು, ಕಿಟಕಿಯಿಂದ ಇಣುಕುವವರು, ಬಾಗಿಲ ಮೇಲೊಂದು ಬಿಳಿ ಪಾರಿವಾಳ. ಒಂದೇ ಮುಖದಲ್ಲಿ ಬೇರೆ ಬೇರೆ ಅಳತೆಯ ಕಣ್ಣು, ದೇಹಕ್ಕೆ ಮೀರಿದ ಕೈ. ಸುದ್ದಿಚಿತ್ರದಷ್ಟು ನಿಜ ಅನ್ನಿಸುವ ಬೀದಿ ಅದೇ ಹೊತ್ತಿಗೆ ಕನಸಿನ ಬೀದಿಯಂತೆಯೂ ಕಾಣುತ್ತದೆ. ಈ ಕೃತಿ ಈಗ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಕಟ್ಟುವ ಕ್ರಮ

ತಮ್ಮ ಕೆಲಸದ ಕ್ರಮವನ್ನು ಬಿಯರ್ಡನ್ 1969ರಲ್ಲಿ ‘ಲಿಯನಾರ್ಡೊ’ ಪತ್ರಿಕೆಯ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಮೊದಲು ಹಲಗೆಯ ಮೇಲೆ ಬಣ್ಣದ ಆಯತಾಕಾರದ ತುಂಡುಗಳನ್ನು ಹಚ್ಚುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಇಡೀ ಹಲಗೆಯ ಉದ್ದಗಲದ ಪ್ರಮಾಣವೇ ಇರುತ್ತಿತ್ತು. ಆಮೇಲೆ ಒಂದು ಮುಖವೋ ಕೈಯೋ ಬಂದು ಕೂರುತ್ತಿತ್ತು. ಅಲ್ಲಿಂದ ಮೇಲಕ್ಕೂ ಅಡ್ಡಕ್ಕೂ ಕಾಗದ ಅಂಟಿಸುವುದು, ಹರಿಯುವುದು, ಮತ್ತೆ ಅಂಟಿಸುವುದು. ಆಳದ ಭ್ರಮೆ ಹೆಚ್ಚಾದರೆ ಚಿತ್ರ ಹಲಗೆಯನ್ನು ತೂತು ಮಾಡಿದಂತಾಗುತ್ತದೆ ಎಂದು ಎಲ್ಲವನ್ನೂ ಮೇಲ್ಮೈಗೆ ಹತ್ತಿರವೇ ಇಡುತ್ತಿದ್ದರು. ಈ ಆಯತಗಳ ಕಟ್ಟನ್ನು ಅವರು ಡಚ್ ಕಲಾವಿದರಾದ ವರ್ಮಿಯರ್, ಡಿ ಹೂಕ್ ಅವರ ಮನೆಯೊಳಗಿನ ಚಿತ್ರಗಳಿಂದ ಕಲಿತಿದ್ದರು. ಮುಖಗಳಿಗೆ ಆಫ್ರಿಕದ ಮುಖವಾಡಗಳ ಚಿತ್ರಗಳು ಒದಗಿದವು.

ಕ್ರಮೇಣ ಕೃತಿಗಳು ದೊಡ್ಡವಾದವು, ಬಣ್ಣ ತುಂಬಿತು. ಛಾಯಾಚಿತ್ರದ ತುಂಡುಗಳು ಕಡಿಮೆಯಾಗಿ, ಬಣ್ಣದ ಕಾಗದದ ಅಗಲ ಹಾಳೆಗಳು ಬಂದವು. ಮೇಲ್ಮೈಯನ್ನು ಉಜ್ಜಿ ಸವೆಸುವುದು, ರಾಸಾಯನಿಕ ಹಚ್ಚಿ ಬಣ್ಣ ಮಾಸಿಸುವುದು ಕೂಡ ಕೆಲಸದ ಭಾಗವಾಯಿತು. 1970ರ ‘ಪ್ಯಾಚ್‌ವರ್ಕ್ ಕ್ವಿಲ್ಟ್’ನಲ್ಲಿ ಬಟ್ಟೆಯ ತುಂಡುಗಳನ್ನೇ ಅಂಟಿಸಿದ ಹೊದಿಕೆಯ ಮೇಲೆ ಒಬ್ಬ ಕಪ್ಪು ಹೆಂಗಸು ಒರಗಿದ್ದಾಳೆ. ಅವಳ ನಿಲುವಿನಲ್ಲಿ ಪ್ರಾಚೀನ ಈಜಿಪ್ಟಿನ ಉಬ್ಬುಶಿಲ್ಪದ ಗತ್ತಿದೆ. ಹಳೆಯ ಸೀರೆ, ಅಂಗಿಯ ತುಂಡುಗಳಿಂದ ಹೊಲಿಯುವ ಉತ್ತರ ಕರ್ನಾಟಕದ ಕೌದಿಯಂತೆ ಈ ಹೊದಿಕೆಯೂ ಮನೆಯ ಹೆಂಗಸರ ಕೈಕೆಲಸದ ಪರಂಪರೆಗೆ ಸೇರಿದ್ದು. ಬಿಯರ್ಡನ್ ಅದನ್ನು ಚಿತ್ರದ ವಸ್ತುವಾಗಿಯೂ ಚಿತ್ರ ಕಟ್ಟುವ ವಿಧಾನವಾಗಿಯೂ ಬಳಸಿದರು.

ಹೇಳಿ ಮಾಡಿಸಿದ ಕೃತಿಗಳು

ಹೊರಗಿನವರು ಹೇಳಿ ಮಾಡಿಸಿದ ಕೆಲಸಗಳಲ್ಲಿ ಮೊದಲು ಹೆಸರಾದವು ಪತ್ರಿಕೆಗಳ ಮುಖಪುಟಗಳು. 1968ರ ಜನವರಿಯ ‘ಫಾರ್ಚೂನ್’ ಸಂಚಿಕೆಗೆ, ಅದೇ ವರ್ಷದ ನವೆಂಬರ್ 1ರ ‘ಟೈಮ್’ ಸಂಚಿಕೆಗೆ ಅವರು ಕೊಲಾಜ್ ಮಾಡಿಕೊಟ್ಟರು. ಎರಡನೆಯದರಲ್ಲಿ ನ್ಯೂಯಾರ್ಕಿನ ಮೇಯರ್ ಜಾನ್ ಲಿಂಡ್ಸೆ ಅವರ ಮುಖ ಕಷ್ಟದಲ್ಲಿದ್ದ ನಗರದ ತುಣುಕುಗಳ ನಡುವೆ ಇದೆ. ಪತ್ರಿಕೆಗಳಿಂದ ಕತ್ತರಿಸಿ ಚಿತ್ರ ಕಟ್ಟುತ್ತಿದ್ದವರ ಕೃತಿ ಹೀಗೆ ಪತ್ರಿಕೆಗೇ ಮರಳಿತು.

1971ರ ‘ದ ಬ್ಲಾಕ್’ ಯಾರೂ ಹೇಳಿ ಮಾಡಿಸಿದ್ದಲ್ಲ. ಆದರೂ ಮುಂದಿನ ಭಿತ್ತಿಚಿತ್ರಗಳಿಗೆ ಅದೇ ಅಡಿಪಾಯ. ಗೆಳೆಯ, ಲೇಖಕ ಆಲ್ಬರ್ಟ್ ಮರ್ರಿ ಅವರ ಹಾರ್ಲೆಮ್ ಮನೆಯ ಬಾಲ್ಕನಿಯಿಂದ ಕಾಣುವ ಲೆನಾಕ್ಸ್ ಅವೆನ್ಯೂವಿನ ಒಂದು ಸಾಲು ಕಟ್ಟಡ ಅದರ ವಸ್ತು. ಆರು ಹಲಗೆಗಳು, 18 ಅಡಿ ಉದ್ದ. ಚರ್ಚು, ಕ್ಷೌರದ ಅಂಗಡಿ, ದಿನಸಿ ಅಂಗಡಿ, ಶವಯಾತ್ರೆ, ಅಲ್ಲಲ್ಲಿ ಗೋಡೆ ತೆರೆದು ಕಾಣುವ ಮನೆಯೊಳಗಿನ ಬಾಳು. ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದನ್ನು ಪ್ರದರ್ಶಿಸಿದಾಗ ಬೀದಿಯ ಸದ್ದುಗಳ ಧ್ವನಿಮುದ್ರಣವನ್ನೂ ಕೇಳಿಸಲಾಯಿತು. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ.

ಹಾರ್ಲೆಮ್ ಅವರು ಬೆಳೆದ ಜಾಗ. ಪರಿಚಯವಿಲ್ಲದ ಊರನ್ನು ಇದೇ ಕ್ರಮದಲ್ಲಿ ಕಟ್ಟಬಹುದೇ ಎಂಬ ಪರೀಕ್ಷೆ ಬಂದದ್ದು ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದಿಂದ. ನಗರಸಭೆಯ ಸಭಾಂಗಣಕ್ಕೆ ಒಂದು ದೊಡ್ಡ ಕೃತಿ ಬೇಕಿತ್ತು. ಬಿಯರ್ಡನ್ ಅಲ್ಲಿಗೆ ಹೋಗಿ, ಊರು ಸುತ್ತಿ, ರೇಖಾಚಿತ್ರ ಬರೆದು, ಛಾಯಾಚಿತ್ರಗಳನ್ನು ಕೂಡಿಸಿಕೊಂಡು ನ್ಯೂಯಾರ್ಕಿಗೆ ಮರಳಿದರು. 1973ರಲ್ಲಿ ಮುಗಿದ ಈ ಕೃತಿ ಸುಮಾರು 16 ಅಡಿ ಅಗಲವಿದೆ. ಅದರಲ್ಲಿ ವಿಶ್ವವಿದ್ಯಾಲಯವಿದೆ, ಕೊಲ್ಲಿಯಿದೆ, ಹಲವು ಜನಾಂಗಗಳ ಜನರಿದ್ದಾರೆ. ಒಂದರ ಹಿಂದೊಂದು ನಿಂತ ನಾಲ್ಕು ಬಣ್ಣದ ಪಾರ್ಶ್ವಮುಖಗಳ ಭಾಗ ಮುಂದೆ ಬರ್ಕ್ಲಿ ನಗರದ ಲಾಂಛನವೇ ಆಯಿತು.

1980ರ ದಶಕದಲ್ಲಿ ಕೆಲಸದ ಸ್ವರೂಪ ಬದಲಾಯಿತು. ಕಾಗದ ರೈಲು ನಿಲ್ದಾಣದ ಧೂಳು, ತೇವಕ್ಕೆ ತಾಳುವುದಿಲ್ಲ. ಹಾಗಾಗಿ ಬಿಯರ್ಡನ್ ಮೂಲ ವಿನ್ಯಾಸ ಮಾಡಿಕೊಡುತ್ತಿದ್ದರು, ನುರಿತ ಕುಶಲಕರ್ಮಿಗಳು ಅದನ್ನು ಗಾಜಿನ ಮೊಸಾಯಿಕ್‌ನಲ್ಲೋ ಸೆರಾಮಿಕ್ ಟೈಲ್ಸ್‌ನಲ್ಲೋ ರೂಪಿಸುತ್ತಿದ್ದರು. ತುಂಡುಗಳನ್ನು ಒತ್ತೊತ್ತಾಗಿ ಕೂರಿಸುವ ಮೊಸಾಯಿಕ್‌ಗೆ ಕೊಲಾಜ್ ಸುಲಭವಾಗಿ ಒಗ್ಗಿತು. 1982ರ ‘ಬಾಲ್ಟಿಮೋರ್ ಅಪ್‌ರೋರ್’ ಆ ನಗರದ ಅಪ್ಟನ್ ಮೆಟ್ರೊ ನಿಲ್ದಾಣದ ಗೋಡೆಯಲ್ಲಿದೆ. ಹಿಂದೆ ಜಾಝ್ ಕ್ಲಬ್ಬುಗಳಿಗೆ ಹೆಸರಾಗಿದ್ದ ಪೆನ್ಸಿಲ್ವೇನಿಯ ಅವೆನ್ಯೂ ಅದರ ನೆತ್ತಿಯ ಮೇಲೇ ಹಾದುಹೋಗುತ್ತದೆ. ಬಾಲ್ಟಿಮೋರಿನಲ್ಲಿ ಬೆಳೆದ ಗಾಯಕಿ ಬಿಲ್ಲಿ ಹಾಲಿಡೆ ಮತ್ತು ವಾದ್ಯಗಾರರು ಮೊಸಾಯಿಕ್‌ನಲ್ಲಿ ಮೂಡಿದ್ದಾರೆ.

ಪಿಟ್ಸ್‌ಬರ್ಗಿನ ಗೇಟ್‌ವೇ ಸೆಂಟರ್ ಸುರಂಗ ರೈಲು ನಿಲ್ದಾಣಕ್ಕಾಗಿ ಮಾಡಿದ ‘ಪಿಟ್ಸ್‌ಬರ್ಗ್ ರೆಕಲೆಕ್ಷನ್ಸ್’ (1984) 780 ಟೈಲ್ಸ್‌ಗಳ ಭಿತ್ತಿಚಿತ್ರ. ಉದ್ದ 60 ಅಡಿ, ಎತ್ತರ 13 ಅಡಿ. ಊರಿನ ಚರಿತ್ರೆಯ ಜೊತೆಗೆ ಅಜ್ಜಿಯ ಮನೆಯಲ್ಲಿ ಕಂಡ ಉಕ್ಕಿನ ಕೆಲಸಗಾರರ ಲೋಕವೂ ಅದರಲ್ಲಿ ಸೇರಿತು. ಹಳೆಯ ನಿಲ್ದಾಣ ಮುಚ್ಚಿದಾಗ ಟೈಲ್ಸ್‌ಗಳನ್ನು ಒಂದೊಂದಾಗಿ ಬಿಡಿಸಿ, 2012ರಲ್ಲಿ ತೆರೆದ ಹೊಸ ಗೇಟ್‌ವೇ ನಿಲ್ದಾಣದಲ್ಲಿ ಮರುಜೋಡಿಸಲಾಯಿತು. ಡೆಟ್ರಾಯಿಟ್ ಕಲಾ ಸಂಗ್ರಹಾಲಯ ತನ್ನ ಶತಮಾನೋತ್ಸವಕ್ಕೆ ಮಾಡಿಸಿಕೊಂಡ ‘ಕ್ವಿಲ್ಟಿಂಗ್ ಟೈಮ್’ (1986) ಗಾಜಿನ ಮೊಸಾಯಿಕ್. ಅದರ ವಸ್ತು ಜನ ಸುತ್ತ ಕೂಡಿರುವಾಗ ಹೊದಿಕೆ ಹೊಲಿಯುವ ದೃಶ್ಯ. ದಕ್ಷಿಣದಿಂದ ಬಂದು ಡೆಟ್ರಾಯಿಟ್‌ನ ಕಾರ್ಖಾನೆಗಳಲ್ಲಿ ದುಡಿದ ಕುಟುಂಬಗಳಿಗೆ ಅದು ಬಿಟ್ಟುಬಂದ ಮನೆಯ ಚಿತ್ರವೂ ಹೌದು.

ಕೊನೆಯ ವರ್ಷಗಳು, ಆಮೇಲಿನ ಪ್ರಭಾವ

ಈ ಕೆಲಸಗಳ ಜೊತೆಜೊತೆಗೇ ಬಿಯರ್ಡನ್ ತಮಗಾಗಿ ಮಾಡಿಕೊಂಡ ಸರಣಿಗಳೂ ಬೆಳೆದವು. 1977ರಲ್ಲಿ ಹೋಮರನ ಒಡಿಸ್ಸಿಯನ್ನು ಕಪ್ಪು ಜನರ ಕಥೆಯಾಗಿ ಕೊಲಾಜ್‌ಗಳಲ್ಲಿ ಮರುಕಟ್ಟಿದರು. ಮನೆಗೆ ಮರಳಲು ಸಮುದ್ರ ಸುತ್ತುವ ನಾಯಕನ ಪಯಣ ವಲಸೆ ಹೋದವರ ಕಥೆಗೆ ಹೊಂದಿಬಂತು. 1978ರಿಂದ ಮಾಡಿದ ‘ಪ್ರೊಫೈಲ್’ ಸರಣಿಯಲ್ಲಿ ಷಾರ್ಲಟ್, ಪಿಟ್ಸ್‌ಬರ್ಗ್, ಹಾರ್ಲೆಮ್‌ಗಳ ನೆನಪು ಸಾಲಾಗಿ ಬಂದಿದೆ. ಆಲ್ಬರ್ಟ್ ಮರ್ರಿ ಅದಕ್ಕೆ ಬರಹದ ನೆರವು ಕೊಟ್ಟರು. ಅದರ ‘ಮಿಲ್ ಹ್ಯಾಂಡ್ಸ್ ಲಂಚ್ ಬಕೆಟ್’ ಚಿತ್ರ ಅಜ್ಜಿಯ ವಸತಿಮನೆಯದು. ಪಿಟ್ಸ್‌ಬರ್ಗಿನಲ್ಲೇ ಹುಟ್ಟಿದ ನಾಟಕಕಾರ ಆಗಸ್ಟ್ ವಿಲ್ಸನ್ ‘ಜೋ ಟರ್ನರ್ಸ್ ಕಮ್ ಅಂಡ್ ಗಾನ್’ ನಾಟಕ ಬರೆಯಲು ಇದೇ ಚಿತ್ರ ಪ್ರೇರಣೆ. 1990ರಲ್ಲಿ ಪುಲಿಟ್ಝರ್ ಪ್ರಶಸ್ತಿ ಪಡೆದ ಅವರ ‘ದ ಪಿಯಾನೋ ಲೆಸನ್’ ನಾಟಕದ ಹೆಸರೂ ಬಿಯರ್ಡನ್ ಅವರ ಕೃತಿಯೊಂದರದು.

1987ರಲ್ಲಿ ಬಿಯರ್ಡನ್ ಅವರಿಗೆ ಅಮೆರಿಕದ ರಾಷ್ಟ್ರೀಯ ಕಲಾ ಪದಕ ಸಂದಿತು. 1988ರ ಮಾರ್ಚ್ 12ರಂದು ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡರು. ವಿನ್ಯಾಸ ಮಾಡಿಟ್ಟು ಹೋದ ಕೆಲಸಗಳು ಆಮೇಲೂ ಗೋಡೆ ಸೇರಿದವು. ಷಾರ್ಲಟ್‌ನ ಗ್ರಂಥಾಲಯಕ್ಕೆ ‘ಬಿಫೋರ್ ಡಾನ್’ ಮೊಸಾಯಿಕ್ 1989ರಲ್ಲಿ ಬಂತು, ನ್ಯೂಯಾರ್ಕಿನ ಬ್ರಾಂಕ್ಸ್‌ನ ವೆಸ್ಟ್‌ಚೆಸ್ಟರ್ ಸ್ಕ್ವೇರ್ ನಿಲ್ದಾಣಕ್ಕೆ ಬಣ್ಣದ ಗಾಜಿನ ಕೃತಿ 1993ರಲ್ಲಿ ಬಂತು. 2003ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿ ಅವರ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿತು. ಆ ಸಂಸ್ಥೆಯಲ್ಲಿ ಆಫ್ರಿಕನ್-ಅಮೆರಿಕನ್ ಕಲಾವಿದರೊಬ್ಬರಿಗೆ ಅಂಥ ಗೌರವ ಸಂದದ್ದು ಅದೇ ಮೊದಲು. 2013ರಲ್ಲಿ ಷಾರ್ಲಟ್ ನಗರದ ನಡುವೆ ಅವರ ಹೆಸರಿನ ಉದ್ಯಾನ ತೆರೆಯಿತು.