‘ಮು’ ಮತ್ತು ಒಂದು ಬಸ್ ಪ್ರಯಾಣ

ನಾಯಿಗೂ ಬುದ್ಧಸ್ವಭಾವ ಉಂಟೇ ಎಂದು ಭಿಕ್ಷುವೊಬ್ಬ ಗುರು ಜಾವೊಝೌನನ್ನು ಕೇಳಿದನಂತೆ. ಸಕಲ ಜೀವಿಗಳಿಗೂ ಅದುಂಟೆಂದು ಶಾಸ್ತ್ರ ಸಾರುತ್ತಿತ್ತು. ಗುರುವಿನ ಉತ್ತರ ಒಂದೇ ಅಕ್ಷರ: ‘ವು’, ಜಪಾನಿಯರ ಬಾಯಲ್ಲಿ ‘ಮು’. ಇಲ್ಲವೆಂದು ಅರ್ಥ. ಇದು ಒಂಬತ್ತನೆಯ ಶತಮಾನದ ಚೀನಾದ ಕತೆ. ಇದೇ ಪ್ರಶ್ನೆಗೆ ಇನ್ನೊಮ್ಮೆ ಅವನು ‘ಉಂಟು’ ಎಂದೂ ಹೇಳಿದ ದಾಖಲೆಯಿದೆ! 1228ರಲ್ಲಿ ಇಂತಹ 48 ಒಗಟುಗಳನ್ನು ಸಂಕಲಿಸಿದ ವುಮೆನ್ ಇದನ್ನೇ ಮೊದಲಿಗಿಟ್ಟ. ಈ ಒಂದಕ್ಷರದ ಮುಂದೆ ಅವನೇ ಆರು ವರ್ಷ ಕುಳಿತಿದ್ದನಂತೆ.

ಇದು ನನಗೆ ನೆನಪಾದುದು ಒಂದು ಸಭೆ ಮುಗಿಸಿ ಬರುವಾಗ. ಮಕ್ಕಳನ್ನು ಕನ್ನಡ ಶಾಲೆಗೇ ಕಳುಹಿಸಿರೆಂದು ಅರ್ಧ ಗಂಟೆ ಭಾಷಣ ಮಾಡಿದ್ದೆ. ಬಸ್ಸಿನಲ್ಲಿ ಪಕ್ಕದ ಹಿರಿಯರು ಮೆಲ್ಲನೆ ಕೇಳಿದರು: “ನಿಮ್ಮ ಮಗ ಯಾವ ಶಾಲೆ ಮಾಷ್ಟ್ರೇ?”

ಮಗ ಇಂಗ್ಲಿಷ್ ಮಾಧ್ಯಮದಲ್ಲಿದ್ದ. ನಾನು ಕಾರಣಗಳನ್ನು ಹೇಳತೊಡಗಿದೆ. ಶಾಲೆ ದೂರ; ಮುಂದೆ ಮಂಗಳೂರಿನಲ್ಲಿ ಕಲಿಯಬೇಕು; ಅವನ ಅಮ್ಮನ ಹಟ. ಕೊನೆಯದು ಶುದ್ಧ ಸುಳ್ಳು.

ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರ ತನ್ನ ಪುಸ್ತಕದಲ್ಲಿ ವಿವರಿಸಿದುದು ಇದನ್ನೇ. ನಂಬಿಕೆಗೂ ನಡತೆಗೂ ತಾಳೆಯಾಗದಿದ್ದರೆ ಮನಸ್ಸಿಗೆ ಇರಿಸುಮುರಿಸು. ಮಾಡಿಯಾದದ್ದನ್ನು ಅಳಿಸುವಂತಿಲ್ಲ, ಆದುದರಿಂದ ನಂಬಿಕೆಯನ್ನು ಸ್ವಲ್ಪ ತಿದ್ದುತ್ತೇವೆ, ಇಲ್ಲವೇ ಕಾರಣವೊಂದನ್ನು ಹುಟ್ಟಿಸುತ್ತೇವೆ. ಝೆನ್ ಗುರು ಮುಚ್ಚುವುದು ಈ ಕಳ್ಳದಾರಿಯನ್ನು. ಶಿಷ್ಯ ಜಾಣತನದ ವಿವರಣೆ ತಂದರೆ ಗಂಟೆ ಬಾರಿಸಿ ಹಿಂದಕ್ಕಟ್ಟುತ್ತಾನೆ. ಹೋಗಿ ಮತ್ತೆ ಕುಳಿತುಕೊಳ್ಳಬೇಕು.

ಆದರೆ ವಿರೋಧಗಳೊಡನೆ ಹಾಯಾಗಿರುವ ವಿದ್ಯೆಯ ಮೇಲೆ ನನಗೆ ಪೂರ್ಣ ವಿಶ್ವಾಸವಿಲ್ಲ. 1930-40ರ ದಶಕಗಳಲ್ಲಿ ಜಪಾನಿನ ಅನೇಕ ಝೆನ್ ಗುರುಗಳು ಯುದ್ಧವನ್ನು ಬೆಂಬಲಿಸಿದರು. ಪ್ರಾಣಹತ್ಯೆ ಮಾಡೆನೆಂಬ ವ್ರತವೂ ಸೈನಿಕನ ಕತ್ತಿಯೂ ಅವರೊಳಗೆ ಜಗಳವಾಡಲಿಲ್ಲ. ಆಡಬೇಕಿತ್ತು.

ಈಗ ಮುಂಜಾನೆ ಜಗಲಿಯಲ್ಲಿ ಕುಳಿತಾಗ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಕನ್ನಡ ಶಾಲೆ ಉಳಿಯಬೇಕು. ನನ್ನ ಮಗನನ್ನು ನಾನು ಅಲ್ಲಿಗೆ ಕಳುಹಿಸಲಿಲ್ಲ. ನಡುವೆ ಒಂದು ‘ಏಕೆಂದರೆ’ ನುಸುಳಿ ಬರುತ್ತದೆ, ಬೆಕ್ಕಿನ ಹಾಗೆ. ಹೊರಗೆ ಹಾಕುತ್ತೇನೆ, ಮತ್ತೆ ಬರುತ್ತದೆ.

ಈ ವರ್ಷವೂ ಭಾಷಣಕ್ಕೆ ಕರೆದರು. ಮಗನ ಶಾಲೆಯ ವಿಷಯದಿಂದಲೇ ಶುರುಮಾಡುವುದಾದರೆ ಬರುತ್ತೇನೆಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆಯ್ತು, ಬನ್ನಿ” ಎಂದರು.